‘ಆನ್‌ಲೈನ್‌ನಲ್ಲಿ ಇದೆಯಲ್ಲ’: 1,091 ಡಿಸ್ಕ್‌ಗಳ ಒಂದು ಪ್ರಕರಣ

ಹಿನ್ನೆಲೆ

ತಂದೆ ತೀರಿಕೊಂಡ ಮೇಲೆ ಅಣ್ಣ-ತಂಗಿಯ ಪಾಲಿಗೆ ಬಂದದ್ದು ಎರಡು ಕಪಾಟು ತುಂಬ ಡಿಸ್ಕ್. ಎಣಿಸಿ ನೋಡಿದರೆ ಸಂಗೀತದ ಸಿಡಿ 612, ಸಿನಿಮಾ ಡಿವಿಡಿ 347, ಬ್ಲೂ-ರೇ 58, ತಂದೆಯೇ ಮನೆಯಲ್ಲಿ ಬರೆದಿಟ್ಟ ಸಿಡಿ-ಆರ್ ಮತ್ತು ಡಿವಿಡಿ-ಆರ್ 74. ಒಟ್ಟು 1,091. ಹೆಸರು, ಊರು, ಆಲ್ಬಮ್‌ಗಳ ಗುರುತು ಎಲ್ಲವನ್ನೂ ಇಲ್ಲಿ ತೆಗೆದಿದೆ. ಸಂಖ್ಯೆಗಳೂ ಘಟನೆಗಳ ಕ್ರಮವೂ ಅವರು ಬರೆದಿಟ್ಟುಕೊಂಡ ಪಟ್ಟಿಯಿಂದ ಬಂದವು.

ಸಂಗ್ರಹದ ಹೆಚ್ಚಿನ ಪಾಲು 2012ರೊಳಗೆ ಕೊಂಡದ್ದು. ಆಮೇಲೆ ಮನೆಗೆ ಹೊಸ ಡಿಸ್ಕ್ ಬಂದದ್ದೇ ಅಪರೂಪ. ಹಾಡಿಗೊಂದು, ಸಿನಿಮಾಕ್ಕೆ ಮೂರು ಆನ್‌ಲೈನ್ ಸೇವೆಗಳ ಚಂದಾ ಬಂದಿದ್ದವು. ಇದ್ದ ಒಂದೇ ಪ್ಲೇಯರ್‌ನ ಟ್ರೇ ಹೊರಗೆ ಬಾರದೆ ನಾಲ್ಕು ವರ್ಷವಾಗಿತ್ತು. ಅದು ಕೆಟ್ಟಿದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು, ಯಾರೂ ಬಿಚ್ಚಿ ನೋಡಿರಲಿಲ್ಲ. ಅಣ್ಣ ಚಿಕ್ಕ ಮನೆಗೆ ಹೋಗಬೇಕಾಗಿ ಬಂದಾಗ ಕಪಾಟುಗಳ ಪ್ರಶ್ನೆ ಎದ್ದಿತು.

ಹೊರಗಿನ ಪರಿಸ್ಥಿತಿಯೂ ಅದೇ ಕಡೆಗೆ ತಳ್ಳುತ್ತಿತ್ತು. ಡಿವಿಡಿಯನ್ನು ಅಂಚೆಯಲ್ಲಿ ಬಾಡಿಗೆಗೆ ಕಳಿಸುವುದರಿಂದಲೇ ಶುರುವಾದ ನೆಟ್‌ಫ್ಲಿಕ್ಸ್ ಆ ಸೇವೆಯನ್ನು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಅಮೆರಿಕದ ದೊಡ್ಡ ಮಳಿಗೆ ಜಾಲ ಬೆಸ್ಟ್ ಬೈ 2024ರಲ್ಲಿ ಸಿನಿಮಾ ಡಿಸ್ಕ್ ಮಾರುವುದನ್ನೇ ಬಿಟ್ಟಿತು. ಬರೆಯಬಲ್ಲ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಗೆ ನಿಲ್ಲಿಸಿತು. ಹಳೆಯ ಸಾಮಾನಿನ ವ್ಯಾಪಾರಿ ಮನೆಗೆ ಬಂದವರೇ ಮೊದಲು ಕೇಳಿದ್ದು “ಎಲ್‌ಪಿ ಇದೆಯಾ?” ಎಂದು. ಅಮೆರಿಕದಲ್ಲಿ 2022ರಲ್ಲೇ ಎಲ್‌ಪಿಗಳು, ಅಂದರೆ ಗ್ರಾಮಫೋನ್ ತಟ್ಟೆಗಳು, ಮಾರಾಟದ ಸಂಖ್ಯೆಯಲ್ಲಿ ಸಿಡಿಗಳನ್ನು ದಾಟಿದ್ದವು. 1987ರ ಮೇಲೆ ಹಾಗಾದದ್ದು ಅದೇ ಮೊದಲು. ಈ ಮನೆಯಲ್ಲಿ ಎಲ್‌ಪಿ ಇರಲಿಲ್ಲ. ಡಿವಿಡಿಗಳಿಗೆ ಆ ವ್ಯಾಪಾರಿ ಬೆಲೆಯನ್ನೇ ಹೇಳಲಿಲ್ಲ.

ಮೊದಲ ಪ್ರಯತ್ನ: ಹೆಸರು ಹುಡುಕಿ ತೀರ್ಮಾನ

ಅಣ್ಣ ಅಚ್ಚುಕಟ್ಟಿನ ಮನುಷ್ಯ. ಒಂದು ಪಟ್ಟಿ ಮಾಡಿ, ಪ್ರತಿ ಡಿಸ್ಕಿನ ಹೆಸರನ್ನು ಚಂದಾ ಸೇವೆಗಳಲ್ಲಿ ಹುಡುಕಿ, ಸಿಕ್ಕರೆ ‘ಇದೆ’ ಎಂದೂ ಸಿಗದಿದ್ದರೆ ‘ಇಲ್ಲ’ ಎಂದೂ ಗುರುತು ಹಾಕಿದರು. 612 ಸಿಡಿಗಳಲ್ಲಿ 531ಕ್ಕೂ 347 ಡಿವಿಡಿಗಳಲ್ಲಿ 198ಕ್ಕೂ ‘ಇದೆ’ ಬಿತ್ತು. ‘ಇದೆ’ ಎಂದಿದ್ದನ್ನು ಕೊಟ್ಟುಬಿಡುವುದು, ಉಳಿದದ್ದನ್ನು ಮಾತ್ರ ಹೊಸ ಮನೆಗೆ ಒಯ್ಯುವುದು ಎಂದು ತೀರ್ಮಾನವಾಯಿತು.

ಇದರ ಜೊತೆಗೆ ಜಾಗ ಉಳಿಸಲೆಂದು ಇನ್ನೆರಡು ಕೆಲಸ ನಡೆದವು. ಉಳಿಸಿಕೊಳ್ಳುವ ಡಿಸ್ಕ್‌ಗಳನ್ನು ಡಬ್ಬಿಯಿಂದ ತೆಗೆದು ಪುಸ್ತಕದಂತೆ ಮಡಚುವ ಪ್ಲಾಸ್ಟಿಕ್ ಫೋಲ್ಡರ್‌ಗಳಿಗೆ ಸೇರಿಸಿದರು. ಖಾಲಿ ಡಬ್ಬಿಗಳು ಹಿಂದಿನ ಕಾಗದದ ಸಮೇತ ಕಸಕ್ಕೆ ಹೋದವು. ಎರಡೂ ತಪ್ಪು ಹೆಜ್ಜೆ. ಅಗ್ಗದ ಫೋಲ್ಡರ್‌ಗಳ ಹಾಳೆ ಪಿವಿಸಿಯದ್ದಾಗಿರುತ್ತದೆ. ಅದನ್ನು ಮೆತ್ತಗಿಡುವ ಎಣ್ಣೆಯಂಥ ರಾಸಾಯನಿಕ ಸೆಕೆಗೆ ಹೊರಬಂದು ಡಿಸ್ಕಿಗೆ ಅಂಟುತ್ತದೆ. ಐದೇ ತಿಂಗಳಿಗೆ 20ಕ್ಕೂ ಹೆಚ್ಚು ಡಿಸ್ಕ್‌ಗಳ ಮೇಲೆ ಹಾಳೆಯ ನೇಯ್ಗೆಯ ಅಚ್ಚೇ ಮೂಡಿತ್ತು. ಇನ್ನು ಡಬ್ಬಿಯ ಹಿಂದಿನ ಕಾಗದದಲ್ಲಿ ಮುದ್ರಣದ ವರ್ಷ, ಕೆಟಲಾಗ್ ಸಂಖ್ಯೆ, ಹಾಡುಗಳ ಅವಧಿ ಎಲ್ಲ ಇರುತ್ತವೆ. ಒಂದೇ ಆಲ್ಬಮ್‌ನ ಎರಡು ಮುದ್ರಣಗಳನ್ನು ಬೇರ್ಪಡಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಅದು ಬೇಕಾದದ್ದು ಕಸದ ಗಾಡಿ ಹೋದ ಮೇಲೆ.

120 ಸಿಡಿಗಳ ಮೊದಲ ಕಂತು ವ್ಯಾಪಾರಿಗೆ ಹೋಯಿತು.

ತಿರುವು

ತಂಗಿ ಬೇರೆ ಊರಿನಲ್ಲಿದ್ದವರು. ತಂದೆ ಭಾನುವಾರ ಬೆಳಗ್ಗೆ ಹಾಕುತ್ತಿದ್ದ ಒಂದು ಆಲ್ಬಮ್ಮನ್ನು ಚಂದಾ ಸೇವೆಯಲ್ಲಿ ಹಾಕಿ ಕೇಳಿದವರು ಅಂದೇ ಫೋನ್ ಮಾಡಿದರು: “ಅಣ್ಣಾ, ನಾಲ್ಕನೆಯ ಹಾಡು ಇಷ್ಟು ಬೇಗ ಮುಗೀತಿರಲಿಲ್ಲ. ಕೊನೇಲಿ ವೀಣೆ ಒಂದೇ ಉಳಿದು ನುಡೀತಿತ್ತಲ್ಲ, ಅದೇ ಇಲ್ಲ.”

ಪುಣ್ಯಕ್ಕೆ ಆ ಡಿಸ್ಕ್ ಮೊದಲ ಕಂತಿನಲ್ಲಿ ಹೋಗಿರಲಿಲ್ಲ. ಡಿಸ್ಕಿನಲ್ಲಿ ಹಾಡು 6 ನಿಮಿಷ 42 ಸೆಕೆಂಡು. ಸೇವೆಯಲ್ಲಿ 4 ನಿಮಿಷ 58 ಸೆಕೆಂಡು. ಹೆಸರು ಅದೇ, ಮುಖಪುಟದ ಚಿತ್ರ ಅದೇ. ಸೇವೆಗೆ ಕೊಟ್ಟಿದ್ದು ನಂತರದ ಸಂಕಲನಕ್ಕೆ ಕತ್ತರಿಸಿದ ಆವೃತ್ತಿ.

ಇಲ್ಲಿ ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಗಾಬರಿಬಿದ್ದು ‘ಎಲ್ಲವನ್ನೂ ಇಟ್ಟುಕೊಳ್ಳೋಣ’ ಎನ್ನದೆ, ‘ಇದೆ’ ಗುರುತಿನ ಸಿಡಿಗಳಲ್ಲಿ ಯಾವುದಾದರೂ 50 ಎತ್ತಿ ಪರೀಕ್ಷಿಸಿದ್ದು. ಹಾಡುಗಳ ಸಂಖ್ಯೆ, ಪ್ರತಿ ಹಾಡಿನ ಅವಧಿ, ಆವೃತ್ತಿಯ ವರ್ಷ ಈ ಮೂರನ್ನು ತಾಳೆ ಹಾಕಿದರು. ವರ್ಷ ಬೇರೆ ಇದ್ದಲ್ಲಿ ಎರಡರ ಧ್ವನಿ ಪ್ರಮಾಣವನ್ನೂ ಸಮ ಮಾಡಿಕೊಂಡು ಕೇಳಿದರು. ಪ್ರಮಾಣ ಸಮ ಮಾಡದೆ ಹೋಲಿಸಿದರೆ ಕಿವಿ ಯಾವಾಗಲೂ ಜೋರಾದದ್ದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ. 31 ಆಲ್ಬಮ್‌ಗಳು ಒಂದೇ ತೆರನಾಗಿದ್ದವು. 11 ನಂತರದ ರೀಮಾಸ್ಟರ್‌ಗಳು, ಅಂದರೆ ಧ್ವನಿಯನ್ನು ಮತ್ತೆ ತಿದ್ದಿ ಹೊರತಂದವು. ಕೆಲವದರಲ್ಲಿ ಮೃದಂಗದ ಪೆಟ್ಟಿಗೂ ಅದರ ಹಿಂದಿನ ಮೌನಕ್ಕೂ ಇದ್ದ ಅಂತರವನ್ನು ಅದುಮಿ ಚಪ್ಪಟೆ ಮಾಡಲಾಗಿತ್ತು. 5ರಲ್ಲಿ ಹಾಡು ಕಡಿಮೆ ಅಥವಾ ಅವಧಿ ಕಡಿಮೆ. ಉಳಿದ 3, ಪಟ್ಟಿ ಮಾಡಿದಾಗ ಇದ್ದವು, ಎರಡು ತಿಂಗಳಲ್ಲಿ ಸೇವೆಯಿಂದಲೇ ಮಾಯವಾಗಿದ್ದವು.

ಸಿನಿಮಾಗಳ ಸ್ಥಿತಿ ಇನ್ನೂ ಸಡಿಲ. ‘ಇದೆ’ ಎಂದಿದ್ದ 198ರಲ್ಲಿ ಈಗ ಸಿಕ್ಕಿದ್ದು 167. ಸಿನಿಮಾ ಸೇವೆಗಳು ಚಿತ್ರಗಳನ್ನು ಅವಧಿ ಲೆಕ್ಕದಲ್ಲಿ ಪಡೆಯುತ್ತವೆ, ಅವಧಿ ಮುಗಿದ ದಿನ ಚಿತ್ರ ಇಳಿದುಹೋಗುತ್ತದೆ. ಚಂದಾ ಬಿಡಿ, ಪೂರ್ತಿ ಹಣ ಕೊಟ್ಟು ‘ಕೊಂಡ’ 14 ಡಿಜಿಟಲ್ ಚಿತ್ರಗಳಲ್ಲಿ 2 ತೆರೆಯಲಿಲ್ಲ. ಗುಂಡಿಯ ಮೇಲೆ ‘ಖರೀದಿಸಿ’ ಎಂದಿದ್ದರೂ ಸಿಕ್ಕಿದ್ದು ನೋಡುವ ಪರವಾನಗಿ ಮಾತ್ರ. ಹಾಲಿವುಡ್ ಸ್ಟುಡಿಯೋಗಳೇ ಸೇರಿ ನಡೆಸಿದ ಅಲ್ಟ್ರಾವೈಲೆಟ್ ಎಂಬ ಡಿಜಿಟಲ್ ಬೀರು ಕೂಡ 2019ರ ಜುಲೈ 31ಕ್ಕೆ ಮುಚ್ಚಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು, ಹಿಂಪಡೆಯಬಹುದಾದ ಪರವಾನಗಿಯನ್ನು ‘ಖರೀದಿ’ ಎಂದು ಮಾರುವವರು ಅದು ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸಬೇಕು ಎನ್ನುತ್ತದೆ. ಕಾನೂನು ಅಷ್ಟನ್ನು ಹೇಳಬೇಕಾಗಿ ಬಂತೆಂದರೆ ಎಷ್ಟು ಜನ ತಿಳಿಯದೆ ಹಣ ಕೊಟ್ಟಿರಬಹುದೆಂದು ಊಹಿಸಬಹುದು.

ಹೊಸ ವಿಂಗಡಣೆ

ಪಟ್ಟಿಯಲ್ಲಿ ‘ಇದೆ/ಇಲ್ಲ’ ಕಾಲಂ ಅಳಿಸಿ ಮೂರು ಗುಂಪು ಮಾಡಿದರು: (1) ಇದೊಂದೇ ಪ್ರತಿ; (2) ಬೇರೆಡೆ ಸಿಗುತ್ತದೆ, ಆದರೆ ಇದೇ ಆವೃತ್ತಿಯಲ್ಲ; (3) ಇದೇ ಆವೃತ್ತಿ ಸಿಗುತ್ತದೆ, ಮನೆಯಲ್ಲಿ ಯಾರಿಗೂ ಹೆಚ್ಚಿನ ಒಲವಿಲ್ಲ. ಮೂರನೆಯ ಗುಂಪನ್ನು, ಅಂದರೆ ಇನ್ನೂ 188 ಸಿಡಿ ಮತ್ತು 90 ಡಿವಿಡಿಗಳನ್ನು, ಕೊಟ್ಟರು. ಕೊಡುವ ಮೊದಲು ಅವುಗಳ ನಕಲು ತೆಗೆದಿಟ್ಟುಕೊಳ್ಳೋಣವೇ ಎಂಬ ಮಾತು ಬಂತು. ಬೇಡವೆಂದರು, ಸರಿಯಾಗಿಯೇ. ಸ್ವಂತ ಡಿಸ್ಕಿನ ನಕಲನ್ನು ಒಪ್ಪುವ ದೇಶಗಳಲ್ಲೂ ಮೂಲವನ್ನು ಮಾರಿ ನಕಲನ್ನು ಇಟ್ಟುಕೊಳ್ಳಲು ಸಾಮಾನ್ಯವಾಗಿ ಅವಕಾಶವಿಲ್ಲ.

ಉಳಿದ 304 ಸಿಡಿಗಳನ್ನೂ ಮನೆಯಲ್ಲಿ ಬರೆದ 74 ಡಿಸ್ಕ್‌ಗಳನ್ನೂ ಕಂಪ್ಯೂಟರಿಗೆ ಇಳಿಸಬೇಕಿತ್ತು. ಇಲ್ಲಿ ಎರಡನೆಯ ದೊಡ್ಡ ತಪ್ಪು ನಡೆಯಿತು. ಅವರು ಪ್ರೀತಿಯ ಆಲ್ಬಮ್‌ಗಳಿಂದ ಶುರು ಮಾಡಿದರು. ಕಾರ್ಖಾನೆಯಲ್ಲಿ ಅಚ್ಚು ಹೊಡೆದ ಸಿಡಿಯಲ್ಲಿ ಹಾಡು ಪ್ಲಾಸ್ಟಿಕ್ಕಿನ ಗುಳಿಗಳಲ್ಲಿರುತ್ತದೆ. ನೆಟ್ಟಗೆ ಇಟ್ಟರೆ ದಶಕಗಟ್ಟಲೆ ಬಾಳುತ್ತದೆ. ಮನೆಯಲ್ಲಿ ಬರೆದ ಡಿಸ್ಕಿನಲ್ಲಿ ಗುಳಿಯಿಲ್ಲ, ಬಣ್ಣದ ಪದರವನ್ನು ಲೇಸರ್ ಸುಟ್ಟು ಮಾಡಿದ ಗುರುತಷ್ಟೇ. ಆ ಬಣ್ಣ ಬೆಳಕಿಗೂ ಸೆಕೆಗೂ ಮಾಸುತ್ತದೆ. ಮೊದಲು ಇಳಿಸಬೇಕಾದದ್ದು ಅದನ್ನು. ಪ್ರೀತಿಯದು ಮೊದಲಲ್ಲ, ಬೇಗ ಸಾಯುವುದು ಮೊದಲು.

ಮನೆಯಲ್ಲಿ ಬರೆದ 74

62 ಡಿಸ್ಕ್‌ಗಳು ತೊಂದರೆಯಿಲ್ಲದೆ ಓದಿಕೊಂಡವು. 12 ತಕರಾರು ಮಾಡಿದವು.

ಮೂರು ಡಿವಿಡಿ-ಆರ್‌ಗಳನ್ನು ಕಂಪ್ಯೂಟರ್ ‘ಖಾಲಿ’ ಎಂದಿತು. ಅಡಿಯನ್ನು ಬೆಳಕಿಗೆ ಹಿಡಿದರೆ ಬರೆದ ಭಾಗದ ಗಾಢ ಉಂಗುರ ಕಣ್ಣಿಗೇ ಕಾಣುತ್ತಿತ್ತು. ಕ್ಯಾಮೆರಾದಲ್ಲಿ ನೇರ ಬರೆದ ಡಿಸ್ಕ್‌ಗಳವು. ಕೊನೆಗೆ ‘ಫೈನಲೈಸ್’ ಒತ್ತಿರಲಿಲ್ಲ, ಆದ್ದರಿಂದ ಡಿಸ್ಕಿನ ಪರಿವಿಡಿಯೇ ಬರೆದಾಗಿರಲಿಲ್ಲ. ಬರೆದ ಯಂತ್ರವೇ ಕೈಲಿದ್ದರೆ ಅದರಲ್ಲಿ ಹಾಕಿ ಫೈನಲೈಸ್ ಮಾಡಿದರೆ ಸಾಕು. ಇವರ ಬಳಿ ಕ್ಯಾಮೆರಾ ಇರಲಿಲ್ಲ. ಪರಿವಿಡಿಯಿಲ್ಲದೆಯೂ ಟ್ರ್ಯಾಕ್ ಓದುವ ಐಸೋಬಸ್ಟರ್ ತಂತ್ರಾಂಶದಲ್ಲಿ ಮೂರೂ ಸಿಕ್ಕವು. ಖಾಲಿ ಎಂದುಕೊಂಡು ಇಂಥವನ್ನು ಬಿಸಾಡುವವರು ಬಹಳ.

ಆರು ಡಿಸ್ಕ್‌ಗಳು ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಪೂರ್ತಿ ಬಂದವು. ಇದು ಡೇಟಾ ಡಿಸ್ಕ್ ಮತ್ತು ಡಿವಿಡಿಗಳಿಗೆ ಸಲ್ಲುವ ಉಪಾಯ, ಆಡಿಯೋ ಸಿಡಿಗಲ್ಲ. ಮೊದಲ ಸುತ್ತಿನಲ್ಲಿ ಅದು ಕೆಟ್ಟ ಜಾಗಗಳನ್ನು ಹಾರಿ ಒಳ್ಳೆಯದನ್ನೆಲ್ಲ ಎತ್ತಿಕೊಳ್ಳುತ್ತದೆ, ಎಲ್ಲಿ ಬಿಟ್ಟೆನೆಂಬುದನ್ನು ಮ್ಯಾಪ್ ಕಡತದಲ್ಲಿ ಬರೆದಿಡುತ್ತದೆ. ಆಮೇಲೆ ಅದೇ ಡಿಸ್ಕನ್ನು ಬೇರೆ ತಯಾರಕರ ಡ್ರೈವಿಗೆ ಹಾಕಿ, ಅದೇ ಮ್ಯಾಪ್ ಕೊಟ್ಟು ಓಡಿಸಿದರೆ ಬಿಟ್ಟ ಜಾಗಗಳನ್ನಷ್ಟೇ ಓದುತ್ತದೆ. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದು ತೀರ ಸಾಮಾನ್ಯ. ಈ ಆರರಲ್ಲಿ ಐದು ಎರಡನೆಯ ಡ್ರೈವಿನಲ್ಲೇ ಪೂರ್ತಿಯಾದವು. ಸಂಗ್ರಹ ಇಳಿಸಲು ಹೊರಟವರು ಒಂದು ದುಬಾರಿ ಡ್ರೈವಿಗಿಂತ ಬೇರೆ ಬೇರೆ ತಯಾರಿಕೆಯ ಎರಡು ಸಾಧಾರಣ ಡ್ರೈವ್ ಇಟ್ಟುಕೊಳ್ಳುವುದೇ ಲೇಸು.

ಎರಡು ಅರ್ಧಂಬರ್ಧ ಬಂದವು. ಒಂದು ಹೋಯಿತು, ಅದು ಹೋದದ್ದು ಕೈತಪ್ಪಿನಿಂದ. ತಂದೆ ಕೆಲವು ಡಿಸ್ಕ್‌ಗಳ ಮೇಲೆ ಅಂಟುಚೀಟಿ ಹಚ್ಚಿದ್ದರು. ಒಂದರ ಅಂಚು ಎದ್ದಿತ್ತು. ಡ್ರೈವಿನೊಳಗೆ ಸಿಕ್ಕಿಕೊಂಡೀತೆಂದು ಅಣ್ಣ ಅದನ್ನು ಕಿತ್ತರು. ಚೀಟಿಯ ಜೊತೆಗೆ ಬೆಳ್ಳಿಬಣ್ಣದ ಪದರವೂ ಎದ್ದು ಬಂತು. ಡಿಸ್ಕಿನ ಆಚೆಗೆ ಅವರ ಹೆಬ್ಬೆರಳೇ ಕಾಣುತ್ತಿತ್ತು. ಸಿಡಿಯಲ್ಲಿ ಮಾಹಿತಿ ಇರುವುದು ಹೊಳೆಯುವ ಅಡಿಯಲ್ಲಲ್ಲ, ಹೆಸರು ಬರೆಯುವ ಮೇಲ್ಬದಿಗೆ ತೀರ ಹತ್ತಿರ; ಅದನ್ನು ಕಾಯುವುದು ಒಂದು ತೆಳು ವಾರ್ನಿಶ್ ಪದರ ಮಾತ್ರ. ಅಡಿಯ ಗೀರನ್ನು ಉಜ್ಜಿ ಸರಿಪಡಿಸಬಹುದು, ಏಕೆಂದರೆ ಅಲ್ಲಿ ಒಂದು ಮಿ.ಮೀ.ಗಿಂತ ದಪ್ಪನೆಯ ಪ್ಲಾಸ್ಟಿಕ್ ಇದೆ. ಮೇಲ್ಬದಿ ಹೋದರೆ ಹೋಯಿತು. ಅಂಟುಚೀಟಿ ಎದ್ದಿದ್ದರೆ ಕೀಳದೆ, ಎದ್ದ ತುದಿಯನ್ನಷ್ಟೇ ಕತ್ತರಿಯಿಂದ ಕತ್ತರಿಸಿ, ಕಡಿಮೆ ವೇಗದಲ್ಲಿ ಒಂದೇ ಸಲಕ್ಕೆ ಓದಿಸಬೇಕು. ಆ ಡಿಸ್ಕಿನಲ್ಲಿದ್ದದ್ದು ಅಜ್ಜಿಯ ದನಿ.

304 ಸಿಡಿ

ತೊಳೆಯುವುದು ಮೊದಲು. ಧೂಳಿದ್ದರೆ ಊದಿ, ಕಲೆಯಿದ್ದರೆ ಶುದ್ಧ ನೀರು ಮತ್ತು ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತಲೂ ಒರೆಸಿದರೆ ಬೀಳುವ ಗೀರು ಹಾಡಿನ ಹಾದಿಗುಂಟವೇ ಸಾಗುತ್ತದೆ. ಅಡ್ಡಗೀರನ್ನು ತಿದ್ದಿಕೊಳ್ಳುವ ಡಿಸ್ಕಿನ ವ್ಯವಸ್ಥೆ ಉದ್ದಗೀರಿಗೆ ಸೋಲುತ್ತದೆ. ಪಿವಿಸಿ ಅಚ್ಚು ಮೂಡಿದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಬಟ್ಟೆಯಿಂದ, ಅಡಿಯ ಬದಿಗೆ ಮಾತ್ರ, ಒರೆಸಿದರು.

ಇಳಿಸಲು ಬಳಸಿದ್ದು ಎಕ್ಸಾಕ್ಟ್ ಆಡಿಯೋ ಕಾಪಿ ತಂತ್ರಾಂಶದ ‘ಸೆಕ್ಯೂರ್’ ವಿಧಾನ, ಕಡತದ ಬಗೆ ಫ್ಲ್ಯಾಕ್. ಫ್ಲ್ಯಾಕ್ ಗಾತ್ರವನ್ನು ಕುಗ್ಗಿಸಿದರೂ ಸಿಡಿಯ 44.1 ಕಿಲೋಹರ್ಟ್ಸ್, 16 ಬಿಟ್ ಸಂಗೀತದಲ್ಲಿ ಒಂದು ಬಿಟ್ಟನ್ನೂ ಕಳೆಯುವುದಿಲ್ಲ. 304 ಸಿಡಿಗೆ ಬೇಕಾದದ್ದು 112 ಜಿಬಿ, ಇಂದಿನ ಸಣ್ಣ ಪೆನ್‌ಡ್ರೈವಿನ ಜಾಗ. ಇಳಿಸಿದ್ದು ಸರಿಯಿದೆಯೇ ಎಂಬುದಕ್ಕೆ ಅಕ್ಯುರೇಟ್‌ರಿಪ್ ಎಂಬ ದತ್ತಾಂಶ ಸಾಕ್ಷಿ: ಅದೇ ಮುದ್ರಣವನ್ನು ಬೇರೆಯವರು ಬೇರೆ ಡ್ರೈವುಗಳಲ್ಲಿ ಇಳಿಸಿ ಪಡೆದ ಲೆಕ್ಕಸಂಖ್ಯೆಯ ಜೊತೆ ನಮ್ಮದು ತಾಳೆಯಾದರೆ ತಪ್ಪಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಮೊದಲು ಡ್ರೈವಿನ ಆಫ್‌ಸೆಟ್ ಹೊಂದಿಸಲೇಬೇಕು. ಪ್ರತಿ ಮಾದರಿಯ ಡ್ರೈವೂ ಓದುವುದನ್ನು ಕೆಲವು ಸ್ಯಾಂಪಲ್ (ಧ್ವನಿಯ ಅತಿ ಸಣ್ಣ ತುಣುಕು) ಹಿಂದೆ ಅಥವಾ ಮುಂದೆ ಶುರು ಮಾಡುತ್ತದೆ. ಅದನ್ನು ಹೊಂದಿಸದಿದ್ದರೆ ಸರಿಯಾದದ್ದೂ ತಪ್ಪೆಂದು ತೋರುತ್ತದೆ.

281 ಸಿಡಿಗಳು ತಾಳೆಯಾದವು. 14 ಆ ದತ್ತಾಂಶದಲ್ಲೇ ಇರಲಿಲ್ಲ, ಸಣ್ಣ ಕಂಪನಿಗಳ ಮುದ್ರಣಗಳು. ಅವನ್ನು ಎರಡು ಡ್ರೈವಿನಲ್ಲೂ ಇಳಿಸಿ ಎರಡರ ಸಂಖ್ಯೆ ಹೋಲಿಸಿದರು. 9ರಲ್ಲಿ ದೋಷ ಬಂತು. ಐದು ಮತ್ತೆ ತೊಳೆದು ಉಜ್ಜಿದ ಮೇಲೆ ಸರಿಹೋದವು, ಎರಡು ಇನ್ನೊಂದು ಡ್ರೈವಿಗೆ ಒಗ್ಗಿದವು. ಉಳಿದೆರಡರ ಅಂಚು ಕಂಚಿನ ಬಣ್ಣಕ್ಕೆ ತಿರುಗಿತ್ತು, ಕೊನೆಯ ಹಾಡುಗಳು ಕರಕರ ಎನ್ನುತ್ತಿದ್ದವು. ಇದು ಹೆಸರುವಾಸಿ ರೋಗ: 1988ರಿಂದ 1993ರ ನಡುವೆ ಬ್ರಿಟನ್ನಿನ ಬ್ಲ್ಯಾಕ್‌ಬರ್ನ್‌ನ ಕಾರ್ಖಾನೆಯೊಂದರಲ್ಲಿ ಅಚ್ಚಾದ ಕೆಲವು ಸಿಡಿಗಳ ವಾರ್ನಿಶ್, ಕಾಗದದ ಕವರಿನಲ್ಲಿದ್ದ ಗಂಧಕವನ್ನು ತಡೆಯಲಾರದೆ ಒಳಗಿನ ಲೋಹ ಕಂದಿತು. ಅಂಚಿನಿಂದ ಒಳಕ್ಕೆ ಹರಡುತ್ತದೆ. ಸಿಡಿ ಓದುವುದು ಒಳಗಿನಿಂದ ಹೊರಕ್ಕೆ, ಹಾಗಾಗಿ ಮೊದಲು ಕೆಡುವುದು ಕೊನೆಯ ಹಾಡು. ಹಳೆಯ ಸಿಡಿ ಚೆನ್ನಾಗಿದೆಯೇ ಎಂದು ನೋಡಲು ಮೊದಲ ಹಾಡನ್ನು ಹಾಕಿ ಪ್ರಯೋಜನವಿಲ್ಲ.

ಇನ್ನೊಂದು ಸೂಕ್ಷ್ಮವನ್ನು ತಂಗಿಯ ಕಿವಿಯೇ ಹಿಡಿಯಿತು. ಆರು ಹಳೆಯ ಸಿಡಿಗಳಿಂದ ಇಳಿಸಿದ ಹಾಡು ತಾಳೆಯಾಗಿಯೂ ಕರ್ಕಶವಾಗಿತ್ತು, ಜಾಗಟೆ ಕಿವಿ ಚುಚ್ಚುತ್ತಿತ್ತು. 1980ರ ದಶಕದ ಕೆಲವು ಸಿಡಿಗಳಲ್ಲಿ ತಾರದ ಭಾಗವನ್ನು ಎತ್ತಿ ಬರೆದಿರುತ್ತಾರೆ, ಪ್ಲೇಯರ್ ಒಂದು ಗುರುತು ನೋಡಿ ಅದನ್ನು ತಗ್ಗಿಸಿ ನುಡಿಸುತ್ತದೆ. ಪ್ರಿ-ಎಂಫಸಿಸ್ ಎನ್ನುವುದು ಇದಕ್ಕೇ. ಕಡತಕ್ಕೆ ಇಳಿಸಿದಾಗ ತಗ್ಗಿಸುವವರು ಯಾರೂ ಇರುವುದಿಲ್ಲ. ಸಾಕ್ಸ್ ತಂತ್ರಾಂಶದ ‘ಡಿಎಂಫ್’ ಆಜ್ಞೆಯಿಂದ ತಗ್ಗಿಸಿದ ಪ್ರತಿಯನ್ನು ಕೇಳಲು ಇಟ್ಟುಕೊಂಡು, ಮೂಲ ಕಡತವನ್ನು ಹಾಗೆಯೇ ಉಳಿಸಿದರು.

ಸಿನಿಮಾಗಳು, ಮತ್ತು ‘ಕೆಟ್ಟ’ ಪ್ಲೇಯರ್

ವಾಣಿಜ್ಯ ಡಿವಿಡಿ, ಬ್ಲೂ-ರೇಗಳ ಬೀಗ ಮುರಿದು ನಕಲು ತೆಗೆಯುವುದನ್ನು ಹಲವು ದೇಶಗಳ ಕಾನೂನು ಒಪ್ಪುವುದಿಲ್ಲ. ಇವರು ಅದಕ್ಕೆ ಕೈ ಹಾಕಲಿಲ್ಲ. ಡಿಸ್ಕನ್ನೇ ಕಾಪಾಡುವುದು, ಕೆಟ್ಟದ್ದನ್ನು ಇನ್ನೂ ಮಾರುಕಟ್ಟೆಯಲ್ಲಿರುವಾಗಲೇ ಮತ್ತೆ ಕೊಳ್ಳುವುದು ಎಂದು ನಿರ್ಧರಿಸಿದರು. ಹಾಗಿದ್ದರೆ ಯಾವುದು ಕೆಟ್ಟಿದೆಯೆಂದು ಈಗಲೇ ತಿಳಿಯಬೇಕು. ಉಳಿದ 257 ಡಿವಿಡಿಗಳಿಗೆ ಕಂಪ್ಯೂಟರ್ ಡ್ರೈವಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓದುವ ಪರೀಕ್ಷೆ ನಡೆಸಿದರು. 11 ಸೋತವು. ಅವುಗಳಲ್ಲಿ 8 ಕಣ್ಣಿಗೆ ಹೊಚ್ಚಹೊಸದು, ಒಂದು ಗೀರೂ ಇಲ್ಲ, ಆದರೆ ಚಿತ್ರ ಅರ್ಧಕ್ಕೆ ಬಂದಾಗ ನಿಲ್ಲುತ್ತಿದ್ದವು. ಎರಡು ಪದರದ ಡಿವಿಡಿಯಲ್ಲಿ ಲೇಸರ್ ಮೊದಲ ಪದರವನ್ನು ಒಳಗಿನಿಂದ ಅಂಚಿನವರೆಗೆ ಓದಿ, ಎರಡನೆಯದನ್ನು ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಓದುತ್ತದೆ. ಡಿವಿಡಿಯೆಂದರೆ 0.6 ಮಿ.ಮೀ.ನ ಎರಡು ತಟ್ಟೆಗಳನ್ನು ಅಂಟಿಸಿದ್ದು. ಅಂಟು ಬಿಡುವುದು ಅಂಚಿನಲ್ಲಿ. ಅಂಚಿನ ರೋಗ ಚಿತ್ರದ ನಡುಭಾಗದಲ್ಲಿ ಕಾಣಿಸುವುದು ಹೀಗೆ. ಎರಡು ಪದರದ ಡಿವಿಡಿಯನ್ನು ಹಳೆಯ ಅಂಗಡಿಯಲ್ಲಿ ಕೊಳ್ಳುವವರು ಚಿತ್ರದ ನಡುವಿನ ಹತ್ತು ನಿಮಿಷ ಓಡಿಸಿ ನೋಡುವುದು ಒಳಿತು. 11ರಲ್ಲಿ 7ಕ್ಕೆ ಬದಲಿ ಸಿಕ್ಕಿತು.

ಹೊಸ ಪ್ಲೇಯರ್ ಹುಡುಕುವಾಗ ಆಯ್ಕೆ ತೀರ ಕಡಿಮೆಯಿದ್ದುದನ್ನು ನೋಡಿ ಹಳೆಯದನ್ನು ಬಿಚ್ಚಿದರು. ಟ್ರೇ ಎಳೆಯುವ ಪುಟ್ಟ ರಬ್ಬರ್ ಬೆಲ್ಟ್ ಹಿಗ್ಗಿ, ಹೊಳಪುಗಟ್ಟಿ, ಚಕ್ರದ ಮೇಲೆ ಜಾರುತ್ತಿತ್ತು. ಕೆಟ್ಟದ್ದು ಅಷ್ಟೇ. ಬೆಲ್ಟನ್ನು ಚಪ್ಪಟೆ ಮಾಡಿ ಉದ್ದ ಅಳೆದು, ಅದಕ್ಕಿಂತ ನೂರಕ್ಕೆ ಐದರಿಂದ ಹತ್ತು ಭಾಗ ಚಿಕ್ಕದನ್ನು, ಅದೇ ಚೌಕ ಅಡ್ಡಕೊಯ್ತದ್ದನ್ನು ತಂದು, ಚಕ್ರಗಳನ್ನು ಆಲ್ಕೋಹಾಲ್‌ನಲ್ಲಿ ಒರೆಸಿ ಹಾಕಿದರು. ಟ್ರೇ ಹೊರಬಂತು, ಒಳಗೆ ತಂದೆ ಕೊನೆಯದಾಗಿ ಹಾಕಿದ್ದ ಸಿಡಿ ಇತ್ತು. 1,091 ಡಿಸ್ಕ್‌ಗಳು ‘ಯಾವುದಕ್ಕೂ ಬಾರದವು’ ಎನಿಸಿಕೊಂಡದ್ದು ಆ ರಬ್ಬರ್ ಉಂಗುರದಿಂದ. ಸಂಗ್ರಹದ ಬಗ್ಗೆ ತೀರ್ಮಾನಿಸುವ ಮೊದಲು ಪ್ಲೇಯರ್ ರಿಪೇರಿ ಮಾಡಿಸಿದ್ದರೆ 120 ಸಿಡಿಗಳು ಕೇಳಿಸಿಕೊಳ್ಳದೆ ಹೋಗುತ್ತಿರಲಿಲ್ಲ.

ಈಗಿನ ವ್ಯವಸ್ಥೆ

ಕಡತಗಳ ಎರಡು ಪ್ರತಿ ಅಣ್ಣನ ಮನೆಯ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿವೆ, ಮೂರನೆಯದು ತಂಗಿಯ ಮನೆಯಲ್ಲಿ. ಆರು ತಿಂಗಳಿಗೊಮ್ಮೆ ಫ್ಲ್ಯಾಕ್ ಕಡತಗಳಿಗೆ ಪರೀಕ್ಷೆ ಓಡಿಸುತ್ತಾರೆ. ಪ್ರತಿ ಕಡತದಲ್ಲೂ ಅದರದೇ ತಾಳೆಸಂಖ್ಯೆ ಅಡಗಿರುವುದರಿಂದ ಬೇರೆ ಏರ್ಪಾಡು ಬೇಡ. ಡಿಸ್ಕ್‌ಗಳು ಮತ್ತೆ ಗಟ್ಟಿ ಡಬ್ಬಿಗಳಿಗೆ ಬಂದು, ಬಿಸಿಲು ಬೀಳದ ಕಪಾಟಿನಲ್ಲಿ ಪುಸ್ತಕದಂತೆ ನೆಟ್ಟಗೆ ನಿಂತಿವೆ. ದೊಡ್ಡ ಪೆಟ್ಟಿಗೆಗಳ ಒಳಗಿದ್ದ ಸ್ಪಂಜನ್ನು ಕಿತ್ತು ಹಾಕಿದ್ದಾರೆ, ಅದು ಹಳತಾದರೆ ಪುಡಿಯಾಗಿ ಡಿಸ್ಕಿಗೆ ಅಂಟುತ್ತದೆ.

ಹೊಸದಾಗಿ ಕೊಳ್ಳುವುದೂ ಶುರುವಾಗಿದೆ, ಅಳೆದು ತೂಗಿ. ಯಾವ ಸೇವೆಯಲ್ಲೂ ಇಲ್ಲದ್ದು, ಮೂಲ ಆವೃತ್ತಿ ಡಿಸ್ಕಿನಲ್ಲಷ್ಟೇ ಉಳಿದದ್ದು, ಚಿತ್ರದ ಗುಣಮಟ್ಟಕ್ಕಾಗಿಯೇ ನೋಡುವಂಥದ್ದು. ಬ್ಲೂ-ರೇಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಜಾಗವಿದೆ. ಸ್ಟ್ರೀಮಿಂಗ್‌ನ ಅದೇ ಅಳತೆಯ ಚಿತ್ರಕ್ಕೆ ಸಿಗುವುದು ಅದರಲ್ಲೊಂದು ಸಣ್ಣ ಪಾಲು, ಮಂಜು-ಮಳೆಯ ದೃಶ್ಯಗಳಲ್ಲಿ ಅದು ಎದ್ದು ಕಾಣುತ್ತದೆ. ಚಂದಾಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದಾರೆ. ಹೊಸ ಹಾಡು ಹುಡುಕಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಕೊಟ್ಟುಹೋದ 120ರ ಪಟ್ಟಿ ತಂಗಿಯ ಬಳಿಯಿದೆ. ಅವಧಿ, ವರ್ಷ ತಾಳೆ ನೋಡಿದಾಗ 27 ಆಲ್ಬಮ್‌ಗಳ ಆ ಆವೃತ್ತಿ ಈಗ ಯಾವ ಸೇವೆಯಲ್ಲೂ ಇಲ್ಲ. ಹಳೆಯ ಸಿಡಿ ಮಾರುವವರಲ್ಲಿ ಕೆಟಲಾಗ್ ಸಂಖ್ಯೆ ಹಿಡಿದು ಹುಡುಕಿ ಇಲ್ಲಿಯವರೆಗೆ ಒಂಬತ್ತನ್ನು ಮರಳಿ ತಂದಿದ್ದಾರೆ. ಅದರಲ್ಲೊಂದರ ಕವರಿನ ಒಳಮೈಯಲ್ಲಿ ತಂದೆಯ ಅಕ್ಷರದಲ್ಲೇ ಕೊಂಡ ದಿನಾಂಕ ಬರೆದಿತ್ತು.